ಅಸೆಟ್ಟೊ ಕೊರ್ಸಾ: ತಿರುವಿನ ನಡುವೆ ಕಾರು ಸೋಪಿನ ಮೇಲೆ ಹೋದ ಹಾಗೆ ಜಾರುತ್ತದೆ. ಫಿಸಿಕ್ಸ್ ತಪ್ಪೋ, ಸೆಟ್ಟಿಂಗ್ ತಪ್ಪೋ?

ಕೊಥ್ರೂಡ್_ಕಾರ್ನರ್, ಪುಣೆ

ಗೇರ್‌ನಿಂದ ತಿರುಗುವ 900 ಡಿಗ್ರಿ ಗೇಮಿಂಗ್ ಸ್ಟಿಯರಿಂಗ್ ವ್ಹೀಲ್ (ಲಾಜಿಟೆಕ್ ಜಿ29 ವರ್ಗದ್ದು), ಜೊತೆಗೆ ಬಂದ ಪೆಡಲ್, 27 ಇಂಚಿನ 60 ಹರ್ಟ್ಸ್ ಮಾನಿಟರ್, ಕಣ್ಣಿಗೂ ಪರದೆಗೂ ನಡುವೆ 70 ಸೆಂ.ಮೀ. ಆಟ ಅಸೆಟ್ಟೊ ಕೊರ್ಸಾ (ಕಂಪ್ಯೂಟರಿನ ಕಾರ್ ರೇಸ್ ಸಿಮ್ಯುಲೇಟರ್), ಅದನ್ನು ತೆರೆಯಲು, ಸೆಟ್ಟಿಂಗ್ ಬದಲಿಸಲು ಕಂಟೆಂಟ್ ಮ್ಯಾನೇಜರ್ ಹಾಕಿದ್ದೇನೆ. ಕಾರು ಬಿಎಂಡಬ್ಲ್ಯು ಎಂ3 ಇ30, ಸ್ಟ್ರೀಟ್ ಟೈರ್, ಟ್ರ್ಯಾಕ್ ಇಟಲಿಯ ಮಜಿಯೋನೆ.

ನೇರ ರಸ್ತೆಯಲ್ಲಿ ಕೈ ಸಡಿಲ ಬಿಟ್ಟರೆ ವ್ಹೀಲ್ ತಾನೇ ಎಡಕ್ಕೆ ಬಲಕ್ಕೆ ಹೊಡೆದಾಡುತ್ತದೆ. ತಿರುವಿಗೆ ಬಂದರೆ ಒಂದೇ ಸಮ ಗಟ್ಟಿ. ಮುಂದಿನ ಟೈರ್ ಯಾವಾಗ ಹಿಡಿತ ಬಿಟ್ಟಿತು ಅಂತ ಕೈಗೆ ಗೊತ್ತೇ ಆಗುವುದಿಲ್ಲ. ಬ್ರೇಕ್ ಮೇಲೆ ಕಾಲಿಟ್ಟುಕೊಂಡು ತಿರುಗಿಸಿದರೆ, ಅಥವಾ ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟರೆ, ಹಿಂಭಾಗ ಫಟ್ ಅಂತ ಹೊರಗೆ ಹೋಗುತ್ತದೆ. ಖಂಡಾಲಾ ಘಾಟ್‌ನಲ್ಲಿ ಯಾವ ಕಾರೂ ಹೀಗೆ ಆಡುವುದಿಲ್ಲವಲ್ಲ. ಆಟದವರೇ ಜಾಸ್ತಿ ಮಾಡಿಟ್ಟಿದ್ದಾರಾ?

ಈಗಿನ ಲೆಕ್ಕ: ವ್ಹೀಲ್ ಕೈಗೆ ಕೊಡುವ ಬಲದ (ಫೋರ್ಸ್ ಫೀಡ್‌ಬ್ಯಾಕ್, ಎಫ್‌ಎಫ್‌ಬಿ) ಮಟ್ಟ ಅಂದರೆ ಗೇನ್ 100, ಮಿನಿಮಮ್ ಫೋರ್ಸ್ 20, ಕರ್ಬ್, ರೋಡ್, ಸ್ಲಿಪ್ ಎಫೆಕ್ಟ್ ಮೂರೂ 40, ಫೀಲ್ಡ್ ಆಫ್ ವ್ಯೂ (ಪರದೆಯಲ್ಲಿ ಕಾಣುವ ನೋಟದ ಕೋನ) 56, ವಿ-ಸಿಂಕ್ (ಚಿತ್ರಗಳನ್ನು ಮಾನಿಟರ್ ವೇಗಕ್ಕೆ ಹೊಂದಿಸುವುದು) ಆನ್.

ಮಾಟುಂಗಾ_ಟಾರ್ಕ್, ಮುಂಬಯಿ

ಫಿಸಿಕ್ಸ್‌ಗೆ ಆಮೇಲೆ ಬೈಯುವ ಮಾರಾಯ್ರೆ. ನೀವು ಬರೆದ ಅಂಕಿಗಳಲ್ಲೇ ಮುಕ್ಕಾಲು ಉತ್ತರ ಉಂಟು.

ಆಟದ ಒಳಗೆ ಟೈರ್, ಸಸ್ಪೆನ್ಶನ್ ಲೆಕ್ಕ ಸೆಕೆಂಡಿಗೆ 333 ಸಲ ನಡೆಯುತ್ತದೆ. ಸ್ಟಿಯರಿಂಗ್ ರ್ಯಾಕ್ ಮೇಲೆ ಬೀಳುವ ಬಲ ಎಷ್ಟು ಅಂತ ಅಲ್ಲಿಂದ ಬರುತ್ತದೆ. ಅದು ಗೇನ್ ದಾಟಿ, ಡ್ರೈವರ್ ದಾಟಿ, ಮೋಟರ್ ದಾಟಿ, ಗೇರ್ ಹಲ್ಲುಗಳ ಸಡಿಲ ದಾಟಿ ನಿಮ್ಮ ಕೈಗೆ ಬರಬೇಕು. ನಿಮ್ಮಲ್ಲಿ ಕೆಟ್ಟಿರುವುದು ಈ ದಾರಿ.

ಮೊದಲು ಆ ಹೊಡೆದಾಟ. ಗೇರ್ ವ್ಹೀಲ್‌ಗೆ ಸಣ್ಣ ಬಲ ಕೊಟ್ಟರೆ ಮೋಟರ್ ಅಲುಗುವುದೇ ಇಲ್ಲ, ಘರ್ಷಣೆ ನುಂಗಿಬಿಡುತ್ತದೆ. ಆ ಸತ್ತ ಜಾಗ ಹಾರಿಸಲು ಮಿನಿಮಮ್ ಫೋರ್ಸ್ ಇರುವುದು. ಅಗತ್ಯಕ್ಕಿಂತ ಜಾಸ್ತಿ ಕೊಟ್ಟರೆ ವ್ಹೀಲ್ ನಡುಬಿಂದು ದಾಟಿದ ಕೂಡಲೇ ಆಚೆಯಿಂದ ಒಂದು ಗುದ್ದು, ದಾಟಿ ಬಂದರೆ ಈಚೆಯಿಂದ ಇನ್ನೊಂದು. 20 ಅಂದರೆ ತೊಟ್ಟಿಲು ತೂಗಿದ ಹಾಗೆಯೇ. ಈ ವರ್ಗದ ವ್ಹೀಲ್‌ಗೆ 8ರಿಂದ 12 ಸಾಕು. ಅದಕ್ಕಿಂತ ಒಳ್ಳೆಯ ದಾರಿ ಲಟ್ ಫೈಲ್: ಅಂದರೆ ನಿಮ್ಮದೇ ಮೋಟರ್ ಎಷ್ಟು ಆಜ್ಞೆಗೆ ಎಷ್ಟು ತಿರುಗುತ್ತದೆ ಅಂತ ಅಳೆದು ಮಾಡಿದ ಪಟ್ಟಿ.

ಮಾಡುವುದು ಹೀಗೆ. ವ್ಹೀಲ್ ಕಂಪನಿಯ ಸಾಫ್ಟ್‌ವೇರ್ ಜಿ ಹಬ್‌ನಲ್ಲಿ ಆಪರೇಟಿಂಗ್ ರೇಂಜ್ 900, ಸೆನ್ಸಿಟಿವಿಟಿ 50, ಸೆಂಟರಿಂಗ್ ಸ್ಪ್ರಿಂಗ್ ಆಫ್. ಆಟ ಮುಚ್ಚಿ, ಮೋಟರ್ ಅಳೆಯುವ ಪ್ರೋಗ್ರಾಂ ವ್ಹೀಲ್‌ಚೆಕ್ ತೆರೆದು ಸ್ಟೆಪ್ ಲಾಗ್ 2 ಪರೀಕ್ಷೆ ಓಡಿಸಿ. ಆಗ ವ್ಹೀಲ್ ಮುಟ್ಟಬೇಡಿ, ಮೇಜು ಗಟ್ಟಿಯಾಗಿರಲಿ. ಅದು ಬರೆದಿಟ್ಟ ಫೈಲನ್ನು ಲಟ್ ಜನರೇಟರ್‌ಗೆ ಕೊಟ್ಟು, ಬಂದ ಫೈಲನ್ನು ಡಾಕ್ಯುಮೆಂಟ್ಸ್ ಒಳಗಿನ ಅಸೆಟ್ಟೊ ಕೊರ್ಸಾ ಫೋಲ್ಡರ್‌ನ ಸಿಎಫ್‌ಜಿಯಲ್ಲಿ ಇಡಿ. ಕಂಟೆಂಟ್ ಮ್ಯಾನೇಜರ್‌ನ ಫೋರ್ಸ್ ಫೀಡ್‌ಬ್ಯಾಕ್ ಪುಟದಲ್ಲಿ ಪೋಸ್ಟ್ ಪ್ರಾಸೆಸಿಂಗ್ ಆನ್ ಮಾಡಿ, ವಿಧ ಲಟ್ ಅಂತ ಆರಿಸಿ, ಫೈಲ್ ತೋರಿಸಿ. ಇದಾದ ಮೇಲೆ ಮಿನಿಮಮ್ ಫೋರ್ಸ್ ಸೊನ್ನೆ. ಎಷ್ಟೋ ಮಂದಿ ಎರಡನ್ನೂ ಇಟ್ಟುಕೊಂಡು ಲಟ್‌ನಿಂದ ಉಪಯೋಗವಿಲ್ಲ ಅನ್ನುತ್ತಾರೆ.

ಈಗ ಒಂದೇ ಸಮ ಗಟ್ಟಿ ಅಂದಿರಲ್ಲ, ಅದಕ್ಕೆ ಹೆಸರು ಕ್ಲಿಪ್ಪಿಂಗ್. ನಿಮ್ಮ ಮೋಟರ್‌ನ ಪೂರ್ತಿ ತಾಕತ್ತೇ ಸುಮಾರು 2 ನ್ಯೂಟನ್ ಮೀಟರ್. ಆಟ ಅದರ ನೂರಕ್ಕೆ 140 ಪಾಲು ಕೇಳಿದರೂ ಸಿಗುವುದು 100. 100ರಿಂದ 140ರ ನಡುವೆ ಏನು ನಡೆದರೂ ಕೈಗೆ ಎಲ್ಲ ಒಂದೇ. ಹೋಗುವುದು ಬಹಳ ಬೆಲೆಯ ಸುದ್ದಿ: ಟೈರ್‌ನ ಅಡ್ಡ ಬಲ ತುದಿ ಮುಟ್ಟುವುದಕ್ಕೆ ಸ್ವಲ್ಪ ಮೊದಲೇ ವ್ಹೀಲನ್ನು ನಡುವಿಗೆ ಎಳೆಯುವ ಟಾರ್ಕ್ ಇಳಿಯಲು ಶುರುವಾಗುತ್ತದೆ. ರಸ್ತೆಗೆ ತಾಗಿದ ರಬ್ಬರ್ ತೇಪೆಯಲ್ಲಿ ಬಲ ಕೂರುವ ಜಾಗ ಹಿಂದಿನಿಂದ ಮುಂದಕ್ಕೆ ಸರಿಯುವುದರಿಂದ ಹಾಗೆ. ‘ವ್ಹೀಲ್ ಹಗುರಾಯಿತು, ಇನ್ನು ತಿರುಗಿಸಬೇಡ’ ಎಂದು ಮುಂದಿನ ಟೈರ್ ಹೇಳುವುದು ಆ ಇಳಿತದಲ್ಲಿ. ಕ್ಲಿಪ್ ಆದರೆ ಅದು ಕೇಳುವುದಿಲ್ಲ.

ಆಟದೊಳಗೆ ಪೆಡಲ್ಸ್ ಆ್ಯಪ್ ತೆರೆಯಿರಿ. ಎಫ್‌ಎಫ್‌ಬಿ ಪಟ್ಟಿ ಕೆಂಪಾದರೆ ಕ್ಲಿಪ್. ನಂಬರ್ ಪ್ಯಾಡ್‌ನ ಮೈನಸ್ ಒತ್ತುತ್ತಾ ಆ ಕಾರಿನ ಗೇನ್ ಇಳಿಸಿ. ಅತಿ ವೇಗದ ಉದ್ದ ತಿರುವಿನಲ್ಲಿ ಪಟ್ಟಿ 85-90ರ ಹತ್ತಿರ ಆಡಬೇಕು, ಕರ್ಬ್ ಹತ್ತಿದಾಗ ಮಾತ್ರ ಕೆಂಪು ಮುಟ್ಟಲಿ. ಸ್ಲಿಪ್ ಎಫೆಕ್ಟ್ ಸೊನ್ನೆ ಮಾಡಿ, ಕರ್ಬ್ ಮತ್ತು ರೋಡ್ 5ರ ಮೇಲೆ ಬೇಡ. ಮೂರೂ ಫಿಸಿಕ್ಸ್‌ನಿಂದ ಬಂದದ್ದಲ್ಲ, ಮೇಲೆ ಉದುರಿಸಿದ ಮಸಾಲೆ.

ಡೊಂಬಿವಲಿ_ಡ್ರಿಫ್ಟ್, ಮುಂಬಯಿ

ಫೋರ್ಜಾ ಹೊರೈಜನ್‌ನಲ್ಲಿ ಗೇಮ್‌ಪ್ಯಾಡ್ ಹಿಡಿದರೆ ಇದೇ ಕಾರು ಹಳಿ ಮೇಲೆ ಹೋಗುತ್ತೆ. ಅದು ನಿಜಕ್ಕೆ ಹತ್ತಿರ ಅನ್ನಿಸಲ್ವಾ?

ಮಾಟುಂಗಾ_ಟಾರ್ಕ್, ಮುಂಬಯಿ

ಪ್ಯಾಡ್‌ನ ಕಡ್ಡಿ ಪೂರ್ತಿ ಒತ್ತಿದರೂ ಚಕ್ರ ಪೂರ್ತಿ ತಿರುಗುವುದಿಲ್ಲ. ವೇಗ ನೋಡಿ ಆಟವೇ ತಡೆಯುತ್ತದೆ, ಹಿಂಭಾಗ ಹೊರಟರೆ ತಾನೇ ಸ್ವಲ್ಪ ಎದುರು ತಿರುಗಿಸುತ್ತದೆ. ಸ್ಟಿಯರಿಂಗ್‌ಗೆ ಸಿಮ್ಯುಲೇಶನ್ ಅಂತ ಒಂದು ಆಯ್ಕೆ ಉಂಟು, ಅದನ್ನು ಹಾಕಿ ಮತ್ತೊಮ್ಮೆ ಓಡಿಸಿ ನೋಡಿ.

ಪೊಂಡಾ_ಪಿಟ್‌ಲೇನ್, ಗೋವಾ

ವ್ಹೀಲಿನ ಮಾತು ಆತು, ಪೆಡಲ್ ಯಾರೂ ನೋಡ್ಲಿಲ್ಲಲ್ರೀ. ಹಿಂದಿನ ಭಾಗ ಹೋಗೋದು ಬ್ರೇಕ್ ಮ್ಯಾಲ ಕಾಲಿದ್ದಾಗ ಅಂದ್ರ ಮೊದಲು ಬ್ರೇಕಿನ ಗೆರೀ ನೋಡ್ರಿ. ಕಂಟ್ರೋಲ್ಸ್ ಪುಟದಾಗ ಪೆಡಲ್ ಮೆಲ್ಲಗ ಒತ್ತರಿ. ಗೆರೀ ಸರಾಗ ಏರಬೇಕು. 30ರಿಂದ ಒಮ್ಮಿಂದೊಮ್ಮೆ 60ಕ್ಕ ಜಿಗಿದ್ರ ಒಳಗಿನ ಪೊಟೆನ್ಶಿಯೋಮೀಟರ್ (ಪೆಡಲ್ ಎಷ್ಟು ದೂರ ಹೋತು ಅಂತ ಅಳಿಯೋ ಭಾಗ) ಕೊಳಿ ಆಗೇತಿ ಅಂತ ಅರ್ಥ. ಮಳೆಗಾಲದಾಗ, ಅದೂ ಈ ಕಡಲ ದಂಡಿ ಹವಾದಾಗ, ಇದು ಹೊಸಾ ಸುದ್ದಿ ಅಲ್ಲ.

ಎರಡನೇದು, ಜಿ ಹಬ್‌ನಾಗ ಕಂಬೈನ್ಡ್ ಪೆಡಲ್ಸ್ ಆಫ್ ಐತೇನು? ಅದು ಆನ್ ಇದ್ರ ಆಕ್ಸಿಲರೇಟರ್, ಬ್ರೇಕ್ ಎರಡೂ ಒಂದ ಸಾಲಿನ್ಯಾಗ ಬರ್ತಾವು. ಎರಡೂ ಒಟ್ಟಿಗೆ ಒತ್ತಿದ್ರ ಒಂದನ್ನೊಂದು ಕಳದ ಹಾಕ್ತಾವು.

ಮೂರನೇದು ಬ್ರೇಕ್ ಗಾಮಾ, ಅಂದ್ರ ಬ್ರೇಕಿನ ಗೆರೀ ಎಷ್ಟು ಬಾಗಬೇಕು ಅನ್ನೋ ಸೆಟ್ಟಿಂಗ್. ನಿಜವಾದ ಬ್ರೇಕ್ ಕಾಲಿನ ಒತ್ತಡಕ್ಕ ಕೆಲಸ ಮಾಡ್ತದ, ನಿಮ್ಮ ಪೆಡಲ್ ಎಷ್ಟು ದೂರ ಹೋತು ಅಂತ ಅಳೀತದ. ಗಾಮಾ 2ರಿಂದ 2.4 ಇಟ್ರ ಮೊದಲರ್ಧ ಮೆತ್ತಗ ಆಗಿ, ತಿರುವಿನಾಗ ನೂರಕ್ಕ 10-20 ಪಾಲು ಬ್ರೇಕ್ ಹಿಡಿಯೋದು ಕಾಲಿಗೆ ಸಿಗ್ತದ. ಒತ್ತಡಾನ ಅಳಿಯೋ ಲೋಡ್ ಸೆಲ್ ಪೆಡಲ್ ಇದ್ದವ್ರಿಗೆ ಮಾತ್ರ ಗಾಮಾ 1.

ಕೊಥ್ರೂಡ್_ಕಾರ್ನರ್, ಪುಣೆ

ಲಟ್ ಹಾಕಿ ಮಿನಿಮಮ್ ಫೋರ್ಸ್ ಸೊನ್ನೆ ಮಾಡಿದೆ, ಹೊಡೆದಾಟ ನಿಂತಿತು. ಗೇನ್ 68ಕ್ಕೆ ಇಳಿದ ಮೇಲೆ ಕೆಂಪು ಹೋಯಿತು, ವ್ಹೀಲ್ ಹಗುರಾಗುವುದು ಈಗ ತಿಳಿಯುತ್ತಿದೆ. ಕಂಬೈನ್ಡ್ ಪೆಡಲ್ಸ್ ಆಫ್ ಇದೆ. ಬ್ರೇಕ್ ಗೆರೆ 55-60ರ ಬಳಿ ಒಮ್ಮೊಮ್ಮೆ ಹಾರುತ್ತದೆ. ಆದರೆ ಬ್ರೇಕ್ ಮುಟ್ಟದೆ ಬರೀ ಆಕ್ಸಿಲರೇಟರ್ ಬಿಟ್ಟರೂ ಹಿಂಭಾಗ ಹೋಗುತ್ತದೆ, ಹಿಡಿಯುವಷ್ಟರಲ್ಲಿ ತಡವಾಗಿರುತ್ತದೆ.

ಮಾಟುಂಗಾ_ಟಾರ್ಕ್, ಮುಂಬಯಿ

ಹೋಗುವುದು ಬೇರೆ, ತಡವಾಗಿ ಗೊತ್ತಾಗುವುದು ಬೇರೆ. ಎರಡನೆಯದು ಮೊದಲು, ಅದು ಸುಲಭ.

ಎಫ್‌ಎಫ್‌ಬಿ ಹೇಳುವುದು ಹೆಚ್ಚಾಗಿ ಮುಂದಿನ ಚಕ್ರದ ಕಥೆ. ಹಿಂದಿನ ಚಕ್ರದ್ದು ನಿಜವಾದ ಕಾರಿನಲ್ಲಿ ಬೆನ್ನಿಗೆ, ಸೊಂಟಕ್ಕೆ ಗೊತ್ತಾಗುತ್ತದೆ. ಕುರ್ಚಿ ಅಲುಗದ ಕೋಣೆಯಲ್ಲಿ ಆ ಕೆಲಸ ಕಣ್ಣು ಮಾಡಬೇಕು, ನಿಮ್ಮ ಕಣ್ಣಿಗೋ ಫೀಲ್ಡ್ ಆಫ್ ವ್ಯೂ 56 ಅಡ್ಡ ಬಂದಿದೆ. ಈ ಆಟ ಕೇಳುವುದು ಪರದೆಯ ಮೇಲಂಚಿನಿಂದ ಕೆಳಂಚಿನವರೆಗಿನ ಕೋನ. 27 ಇಂಚಿನ ಪರದೆಯ ಎತ್ತರ 33.6 ಸೆಂ.ಮೀ, ಅದರ ಅರ್ಧ 16.8, 70ರಿಂದ ಭಾಗಿಸಿ ಕೋನ ತೆಗೆದು ಎರಡರಿಂದ ಗುಣಿಸಿದರೆ 27 ಡಿಗ್ರಿ. 56 ಇಟ್ಟರೆ ಕಾರು ಒಂದು ಡಿಗ್ರಿ ತಿರುಗಿದಾಗ ಪರದೆ ಮೇಲಿನ ದೃಶ್ಯ ಸರಿಯಬೇಕಾದ್ದರ ಅರ್ಧಕ್ಕಿಂತ ಕಡಿಮೆ ಸರಿಯುತ್ತದೆ. ಹಿಂಭಾಗ ಹೊರಟದ್ದು ಕಾಣುವುದೇ ತಡ. 27 ಕಿಟಕಿ ಸಂದಿಯಲ್ಲಿ ನೋಡಿದ ಹಾಗೆ ಅನ್ನಿಸಿದರೆ ಮಾನಿಟರನ್ನು 50 ಸೆಂ.ಮೀಗೆ ಎಳೆದುಕೊಳ್ಳಿ, ಆಗ 37 ಡಿಗ್ರಿ ನ್ಯಾಯವಾಗಿಯೇ ಸಿಗುತ್ತದೆ.

ವಿ-ಸಿಂಕ್ ತೆಗೆಯಿರಿ. 60 ಹರ್ಟ್ಸ್‌ನಲ್ಲಿ ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್, ಮೂರು ಚಿತ್ರ ಸಾಲಿನಲ್ಲಿ ನಿಂತರೆ 50. ಕಾರು ಸೆಕೆಂಡಿಗೆ 40 ಡಿಗ್ರಿ ವೇಗದಲ್ಲಿ ತಿರುಗುತ್ತಿದ್ದರೆ ನೀವು ನೋಡುವಾಗಲೇ ಅದು 2 ಡಿಗ್ರಿ ಮುಂದೆ ಹೋಗಿರುತ್ತದೆ. ಸ್ಟ್ರೀಟ್ ಟೈರ್ ಹಿಡಿತದ ತುದಿ ಬರುವುದೇ ಸುಮಾರು 8-10 ಡಿಗ್ರಿ ಸ್ಲಿಪ್ ಆಂಗಲ್‌ನಲ್ಲಿ (ಚಕ್ರ ನೋಡುವ ದಿಕ್ಕಿಗೂ ಅದು ಸಾಗುವ ದಿಕ್ಕಿಗೂ ನಡುವಿನ ಕೋನ), ರೇಸಿನ ನುಣುಪು ಟೈರ್ ಸ್ಲಿಕ್‌ಗೆ ಇನ್ನೂ ಕಡಿಮೆ. ಅದರಲ್ಲಿ 2 ಅಂದರೆ ದೊಡ್ಡ ನಷ್ಟ.

ಈಗ ಹೋಗುವುದು ಯಾಕೆ. 1200 ಕೆಜಿ ಕಾರು, ಗುರುತ್ವ ಕೇಂದ್ರ ನೆಲದಿಂದ ಅರ್ಧ ಮೀಟರ್, ವ್ಹೀಲ್‌ಬೇಸ್ 2.56 ಮೀಟರ್ ಅಂತ ಇಟ್ಟುಕೊಳ್ಳಿ. 0.3 ಜಿ (ಗುರುತ್ವದ ವೇಗೋತ್ಕರ್ಷದ 0.3ರಷ್ಟು) ಬ್ರೇಕ್ ಹಾಕಿದರೆ ಹಿಂದಿನಿಂದ ಮುಂದಕ್ಕೆ ಸುಮಾರು 70 ಕೆಜಿ ಭಾರ ಜಾರುತ್ತದೆ. ಆಕ್ಸಿಲರೇಟರ್ ಬಿಟ್ಟಾಗಿನ ಎಂಜಿನ್ ಬ್ರೇಕಿಂಗ್ 0.1 ಜಿ ಅಂದರೂ 23 ಕೆಜಿ. ಕಡಿಮೆ ಅನ್ನಿಸಬಹುದು. ಆದರೆ ಹಿಂದಿನ ಟೈರ್ ಆಗಲೇ ತನ್ನ ನೂರಕ್ಕೆ 95 ಪಾಲು ಹಿಡಿತ ಅಡ್ಡ ಬಲಕ್ಕೇ ಖರ್ಚು ಮಾಡುತ್ತಿದೆ. ಭಾರ ಹೋಯಿತು, ಅದರ ಮೇಲೆ ಎಂಜಿನ್ ಬ್ರೇಕಿಂಗ್ ಬೀಳುವುದೂ ಅದೇ ಹಿಂದಿನ ಚಕ್ರಕ್ಕೆ, ಹಿಂದಿನಿಂದ ಓಡುವ ಕಾರಲ್ಲವೇ. ಹಾಗಾಗಿ ಇದು ಆಟದ ಅತಿರೇಕ ಅಲ್ಲ, ಇ30 ಆಡಬೇಕಾದ್ದೇ ಹೀಗೆ. ಕಾಲನ್ನು ಒಮ್ಮೆಗೇ ತೆಗೆಯಬೇಡಿ, ಅರ್ಧ ಸೆಕೆಂಡ್ ತೆಗೆದುಕೊಂಡು ಬಿಡಿ. ಬ್ರೇಕ್ ಬಯಾಸ್ (ಮುಂದಿನ, ಹಿಂದಿನ ಚಕ್ರಕ್ಕೆ ಬ್ರೇಕ್ ಹಂಚಿಕೆ) ನೂರಕ್ಕೆ 2 ಪಾಲು ಮುಂದಕ್ಕೆ ಹಾಕಿ.

ಇನ್ನು ಗಾಳಿ. 26 ಡಿಗ್ರಿಯಲ್ಲಿ 26 ಪಿಎಸ್‌ಐ ತುಂಬಿದ ಟೈರ್ ಒಳಗಿನ ಗಾಳಿ 60 ಡಿಗ್ರಿಗೆ ಹೋದರೆ ಒತ್ತಡ ಸುಮಾರು 30.6 ಆಗುತ್ತದೆ. ಪಿಟ್‌ನಲ್ಲಿ ನೋಡಿದ ಅಂಕಿ ನಂಬಿ ಕೂತರೆ ಮೂರನೇ ಸುತ್ತಿನಿಂದ ಕಾರು ಬೇರೆ. ಮೂರು ಸುತ್ತು ಓಡಿಸಿ, ಬಿಸಿ ಒತ್ತಡ ನೋಡಿ, ತಣ್ಣಗಿನದನ್ನು ಒಂದೊಂದೇ ಪಿಎಸ್‌ಐ ಇಳಿಸಿ.

ಕೊಥ್ರೂಡ್_ಕಾರ್ನರ್, ಪುಣೆ

ಎಲ್ಲ ಒಪ್ಪಿದೆ. ಆದರೂ ಘಾಟ್‌ನ ಪ್ರಶ್ನೆ ಹಾಗೇ ಉಳಿಯಿತು. ಅಲ್ಲಿ ಆಕ್ಸಿಲರೇಟರ್ ಬಿಟ್ಟರೆ ಏನೂ ಆಗುವುದಿಲ್ಲ.

ಪೊಂಡಾ_ಪಿಟ್‌ಲೇನ್, ಗೋವಾ

ಲೆಕ್ಕಾ ಹಾಕ್ರಿ. ಖಂಡಾಲಾ ಇರಲಿ, ನಮ್ಮ ಚೋರ್ಲಾ ಇರಲಿ, 80 ಮೀಟರ್ ತ್ರಿಜ್ಯದ ತಿರುವಿನ್ಯಾಗ 50 ಕಿ.ಮೀ. ವೇಗಾ ಅಂದ್ರ 0.25 ಜಿ. ಒಣ ಡಾಂಬರ ಮ್ಯಾಲ ಚಲೋ ಟೈರ್ 0.9 ಜಿ ತನಕ ತಡೀತದ. ಅಂದ್ರ ನೀವು ಕಾಲು ಭಾಗದಾಗ ಅದೀರಿ, ಟೈರಿಗೆ ನಿದ್ದಿ ಬಂದಿರ್ತದ. ಸಾಲದ್ದಕ್ಕ ಮುಂದಿನ ಚಕ್ರದಿಂದ ಓಡೋ ಕಾರು, ಜಾರೋದು ತಡಿಯೋ ಇಎಸ್‌ಸಿ ಬ್ಯಾರೆ. ಆ ಅನುಭವಾ ಇಟಗೊಂಡು ಮಜಿಯೋನೆದಾಗ 0.9 ಜಿ ಹಾಕಿದ ಇ30 ಅಳೀಬ್ಯಾಡ್ರಿ.

ಆಟದ ಫಿಸಿಕ್ಸ್ ಅಳೀಬೇಕಂದ್ರ ಹಿಂಗ ಮಾಡ್ರಿ. 100 ಕಿ.ಮೀ.ಯಿಂದ ಪೂರ್ತಿ ಬ್ರೇಕ್. ಹಿಡಿತದ ಗುಣಾಂಕ 1 ಇದ್ರ 39 ಮೀಟರ್, 0.9 ಇದ್ರ ಹತ್ತಿರ ಹತ್ತಿರ 44 ಬರಬೇಕು. ಸ್ಟ್ರೀಟ್ ಟೈರಿನ ಕಾರು 30 ಮೀಟರಿನ್ಯಾಗ ನಿಂತ್ರ ಯಾರೋ ಟೈರ್ ಫೈಲಿನ್ಯಾಗ ಕೈ ಆಡ್ಸ್ಯಾರ. ಆಮ್ಯಾಲ ಸ್ಕಿಡ್‌ಪ್ಯಾಡ್: 30 ಮೀಟರ್ ತ್ರಿಜ್ಯದ ಸುತ್ತಿನ್ಯಾಗ 60 ಕಿ.ಮೀ. ಅಂದ್ರ 0.94 ಜಿ. ಅದಕ್ಕಿಂತ ಭಾಳ ಮ್ಯಾಲ ಹೋಗಬಾರ್ದು. ಆ್ಯಂಟಿ ರೋಲ್ ಬಾರ್ (ತಿರುವಿನಾಗ ಕಾರು ವಾಲೋದು ತಡಿಯೋ ಸರಳು) ಬದಲಸಾಕ ಬಿಡೋ ಕಾರಿನ್ಯಾಗ ಹಿಂದಿಂದು ಗಟ್ಟಿ ಮಾಡ್ರಿ, ಹಿಂಭಾಗ ಇನ್ನೂ ಲಗೂನ ಜಾರಬೇಕು. ಭಾರ ಎರಡು ಪಟ್ಟಾದ್ರ ಹಿಡಿತ ಎರಡು ಪಟ್ಟಾಗಂಗಿಲ್ಲ, ಆ ಗುಣಾ ಲೆಕ್ಕದಾಗ ಇದ್ರ ಮಾತ್ರ ಹಂಗ ಆಗ್ತದ.

ಹೊರಗಿನವ್ರು ಮಾಡಿ ಸೇರಿಸಿದ ಪುಕ್ಕಟೆ ಮಾಡ್ ಕಾರು ತಂದು ಇದನ್ನ ಮಾಡಬ್ಯಾಡ್ರಿ. ಆಟದ ಜೋಡಿ ಬಂದ ಕಾರ ಬಳಸ್ರಿ.

ಮಾಟುಂಗಾ_ಟಾರ್ಕ್, ಮುಂಬಯಿ

ಆಟ ಎಲ್ಲಿ ಸೋಲುತ್ತದೆ ಅಂತಲೂ ಗೊತ್ತಿರಲಿ. ಟೈರ್ ಲೆಕ್ಕಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವುದು ಡೆಲ್ಫ್ಟ್‌ನ ಹಾನ್ಸ್ ಪಸೇಕಾ ಹೆಸರಿನ ಮ್ಯಾಜಿಕ್ ಫಾರ್ಮುಲಾ. ಪರೀಕ್ಷಾ ಯಂತ್ರದಲ್ಲಿ ಅಳೆದ ಬಿಂದುಗಳಿಗೆ ಕೂಡಿಸಿದ ಗೆರೆ ಅದು. ಅಳೆದ ವ್ಯಾಪ್ತಿಯೊಳಗೆ ಚೆನ್ನ. ತೀರಾ ಕಡಿಮೆ ವೇಗ, ಕಾರು ಅಡ್ಡ ಬಿದ್ದಾಗಿನ ದೊಡ್ಡ ಸ್ಲಿಪ್, ಅಲ್ಲೆಲ್ಲ ಅಳತೆ ಕಡಿಮೆ, ಊಹೆ ಜಾಸ್ತಿ. ಬೇರೆ ಬೇರೆ ಆಟಗಳು ಕಾರು ಸುತ್ತಿ ಹೋದ ಮೇಲೆ ಬೇರೆ ಬೇರೆಯಾಗಿ ಆಡುವುದು ಇದಕ್ಕೇ. ಇನ್ನು ಮಳೆ: ಮೂಲ ಅಸೆಟ್ಟೊ ಕೊರ್ಸಾದಲ್ಲಿ ಅದು ಇರಲೇ ಇಲ್ಲ, ಆಮೇಲೆ ಮಾಡ್‌ನವರು ಸೇರಿಸಿದ್ದು. ಒದ್ದೆ ರಸ್ತೆ ಕಲಿಯಬೇಕಾದರೆ 2019ರ ಕಾಂಪೆಟಿಜಿಯೋನೆ ನೋಡಿ. ಚಾಸಿ ಬಾಗುವುದು ನೋಡಬೇಕಾದರೆ ಬೀಮ್‌ಎನ್‌ಜಿ. ಅದು ಕಾರನ್ನು ಬಿಂದು, ತೊಲೆಗಳಾಗಿ ಒಡೆದು ಸೆಕೆಂಡಿಗೆ 2000 ಸಲ ಲೆಕ್ಕ ಹಾಕುತ್ತದೆ.

ಕೊಥ್ರೂಡ್_ಕಾರ್ನರ್, ಪುಣೆ

ಫೀಲ್ಡ್ ಆಫ್ ವ್ಯೂ 37, ವಿ-ಸಿಂಕ್ ಆಫ್, ಬಯಾಸ್ 2 ಮುಂದಕ್ಕೆ. ಹಿಂಭಾಗ ಈಗಲೂ ಹೊರಡುತ್ತದೆ, ಆದರೆ ಹಿಡಿಯಲು ಸಿಗುತ್ತದೆ. ಉಳಿದದ್ದು ಬ್ರೇಕ್ ಗೆರೆ ಹಾರುವುದು. ಇಲ್ಲಿನ ಎಲೆಕ್ಟ್ರಾನಿಕ್ಸ್ ಪೇಟೆ ತಪಕೀರ್ ಗಲ್ಲಿಯಲ್ಲಿ ಏನು ಕೇಳಬೇಕು?

ಪೊಂಡಾ_ಪಿಟ್‌ಲೇನ್, ಗೋವಾ

ಕಾಂಟ್ಯಾಕ್ಟ್ ಕ್ಲೀನರ್, ಪ್ಲಾಸ್ಟಿಕ್‌ಗೆ ನಡೀತದ ಅಂತ ಡಬ್ಬಿ ಮ್ಯಾಲ ಬರದಿರಬೇಕು. ತುಕ್ಕು ಬಿಡಸೋ ಎಣ್ಣಿ ಸ್ಪ್ರೇ ಕೊಟ್ರ ಬ್ಯಾಡ ಅನ್ರಿ, ಜಿಡ್ಡ ಉಳದು ಧೂಳಾ ಹಿಡೀತದ. ಮೊದಲ ಪೆಡಲಿನ ವಾಯರ್ ವ್ಹೀಲಿನಿಂದ ತಗೀರಿ. ತಳದ ಸ್ಕ್ರೂ ಬಿಚ್ಚಿ, ಬ್ರೇಕಿನ ಪಾಟ್ (ಪೊಟೆನ್ಶಿಯೋಮೀಟರ್) ಹುಡುಕಿ, ಅದರ ಸಂದ್ಯಾಗ ಒಂದೆರಡು ಚುಟುಕು ಸ್ಪ್ರೇ. ಪೆಡಲ್ ತುದಿತನಕ 30 ಸಲ ಒತ್ತಿ ಬಿಡ್ರಿ. 15 ನಿಮಿಷ ಒಣಗಲಿ, ಆಮ್ಯಾಲ ಜೋಡಸ್ರಿ. ಮತ್ತ ಕ್ಯಾಲಿಬ್ರೇಟ್ ಮಾಡೋದು ಮರೀಬ್ಯಾಡ್ರಿ. ಅದಾದ ಮ್ಯಾಲೂ ಅದ ಜಾಗಾದಾಗ ಜಿಗದ್ರ ಒಳಗಿನ ಪಟ್ಟಿ ಸವದೇತಿ, ಪಾಟ್ ಬದಲಸಬೇಕು. ಹಳೇದನ್ನ ಕೈಯಾಗ ಹಿಡಕೊಂಡು ಹೋಗ್ರಿ, ಶಾಫ್ಟಿನ ಆಕಾರ ನೋಡಿ ಕೊಡ್ತಾರ.