ಪೋಸ್ಟ್‌ಗ್ರೆಸ್ ಇನ್‌ಸ್ಟಾಲ್ ಆಯ್ತು, ಬೇರೆ ಮಷೀನಿಂದ ಕನೆಕ್ಟೇ ಆಗ್ತಿಲ್ಲ

ಕರ್ಸರ್_ಕಳ್ಳ:
ಉಬುಂಟು ಸರ್ವರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಹಾಕ್ದೆ, ಎರರ್ ಇಲ್ದೆ ಮುಗೀತು, ಖುಷಿನೂ ಅಲ್ಲಿಗೇ ಮುಗೀತು. ಮೊದ್ಲು ಪೀರ್ ಅಥೆಂಟಿಕೇಶನ್ ಫೇಲ್ಡ್ ಅಂತ ಬಂತು, ಸುಡೋ ಹಾಕಿ ಪೋಸ್ಟ್‌ಗ್ರೆಸ್ ಯೂಸರ್ ಆಗಿ ಒಳಗೆ ಹೋಗಿ ಪಾಸ್‌ವರ್ಡ್ ಇಟ್ಟೆ. ಈಗ ಆಪ್ ಇರೋ ಇನ್ನೊಂದು ಮಷೀನಿಂದ ಟ್ರೈ ಮಾಡಿದ್ರೆ ಕನೆಕ್ಷನ್ ರೆಫ್ಯೂಸ್ಡ್. ಕಾನ್ಫಿಗ್ ಫೈಲಲ್ಲಿ ಲಿಸನ್ ಅಡ್ರೆಸ್‌ಗೆ (ಯಾವ ಅಡ್ರೆಸ್‌ಗಳಲ್ಲಿ ಕನೆಕ್ಷನ್ ತಗೋಬೇಕು ಅನ್ನೋ ಸೆಟ್ಟಿಂಗ್) ಎಲ್ಲಾ ಅಡ್ರೆಸ್ ಅಂತ ಸ್ಟಾರ್ ಹಾಕಿದೀನಿ, ಪೋಸ್ಟ್‌ಗ್ರೆಸ್ ಪೋರ್ಟ್ 5432ನ ಫೈರ್‌ವಾಲಲ್ಲಿ ಓಪನ್ ಮಾಡಿದೀನಿ, ಯಾರನ್ನ ಹೆಂಗೆ ಒಳಗೆ ಬಿಡ್ಬೇಕು ಅಂತ ಬರೆಯೋ ಪಿಜಿ ಎಚ್‌ಬಿಎ ಫೈಲಲ್ಲಿ ಎಲ್ಲಾ ಐಪಿಗೂ ಟ್ರಸ್ಟ್ ಕೊಟ್ಟು ರೀಸ್ಟಾರ್ಟೂ ಮಾಡಿದೀನಿ. ಇನ್ನೇನ್ ಬಾಕಿ ಇದೆ ಮಾರಾಯ್ರೆ?

ಹಳೇ_ಶೆಲ್:
ಮೊದ್ಲು ಆ ಟ್ರಸ್ಟ್ ಕಿತ್ತಾಕಿ! ಅದು ಪಾಸ್‌ವರ್ಡೇ ಕೇಳಲ್ಲ, ಬಾಗಿಲು ತೆಗೆದಿಟ್ಟು ಊರಿಗೆ ಹೋದಂಗೆ. ಆಪ್ ಮಷೀನಿನ ಐಪಿ ಒಂದನ್ನೇ ಬರೆದು, ಪಾಸ್‌ವರ್ಡ್ ಕೇಳೋ ಸ್ಕ್ರ್ಯಾಮ್-ಶಾ-256 ಕೊಡಿ. ಆದ್ರೆ ನಿಮ್ ಈಗಿನ ಕಾಟ ಅದಲ್ಲ. ರೆಫ್ಯೂಸ್ಡ್ ಅಂದ್ರೆ ಆ ಪೋರ್ಟಲ್ಲಿ ಕೇಳಿಸ್ಕೊಳ್ಳೋರೇ ಇಲ್ಲ, ಎಚ್‌ಬಿಎ ಫೈಲ್ ನೋಡೋ ಹಂತಕ್ಕೇ ವಿಷ್ಯ ಬಂದಿಲ್ಲ. ಯಾವ ಪೋರ್ಟಲ್ಲಿ ಯಾರು ಕೇಳಿಸ್ಕೊಳ್ತಿದಾರೆ ಅಂತ ತೋರ್ಸೋ ಎಸ್‌ಎಸ್ ಕಮಾಂಡ್ ಹಾಕಿ ನೋಡಿ, 5432ರ ಮುಂದೆ ಬರೀ 127.0.0.1 ಇದ್ರೆ ಲಿಸನ್ ಅಡ್ರೆಸ್ ಇನ್ನೂ ಡೀಫಾಲ್ಟ್ ಲೋಕಲ್‌ಹೋಸ್ಟಲ್ಲೇ, ಅಂದ್ರೆ ಅದೇ ಮಷೀನಿಗೆ ಮಾತ್ರ, ಇದೆ ಅಂತ ಅರ್ಥ. ಆ ಸಾಲಿನ ಮುಂದಿರೋ ಹ್ಯಾಶ್ (#) ತೆಗೆದ್ರಾ? ಅದಿದ್ರೆ ಸಾಲು ಬರೀ ಕಾಮೆಂಟ್, ಸರ್ವರ್ ಓದಲ್ಲ.

ಇನ್ನು ನಿಮಗೆ ಮೊದ್ಲು ಬಂದ ಪೀರ್ ಅಂದ್ರೆ ಯುನಿಕ್ಸ್ ಲಾಗಿನ್ ಹೆಸರೂ ಡೇಟಾಬೇಸ್ ಯೂಸರ್ ಹೆಸರೂ ಒಂದೇ ಇದ್ರೆ ಮಾತ್ರ ಅದೇ ಮಷೀನೊಳಗಿನ ಸಾಕೆಟ್ ಮೂಲಕ ಒಳಗೆ ಬಿಡ್ತೀನಿ ಅಂತ, ಅದು ಎರರ್ ಏನಲ್ಲ.

ಕರ್ಸರ್_ಕಳ್ಳ:
ಹ್ಯಾಶ್ ಹಂಗೇ ಇತ್ತು 🤦 ಸ್ಟಾರ್ ಹಾಕಿದ್ದು ಕಾಮೆಂಟ್ ಒಳಗೆ. ತೆಗೆದು ರೀಸ್ಟಾರ್ಟ್ ಮಾಡ್ದೆ, ಎಚ್‌ಬಿಎನಲ್ಲೂ ನೀವು ಹೇಳ್ದಂಗೆ ಬರ್ದೆ, ಈಗ ಎರರ್ ಬದಲಾಗಿದೆ, ಈ ಹೋಸ್ಟ್‌ಗೆ ಎಚ್‌ಬಿಎನಲ್ಲಿ ಎಂಟ್ರಿ ಇಲ್ಲ ಅಂತಿದೆ. ಎಂಟ್ರಿ ಕಣ್ಣೆದುರಿಗೇ ಇದೆ, ಐಪಿ ಮೂರ್ ಸಲ ನೋಡ್ದೆ.

ಲಾಗ್_ನೋಡಿ:
ಎರರ್ ಬದಲಾಯ್ತು ಅಂದ್ರೆ ಒಂದ್ ಬಾಗಿಲು ದಾಟಿದ್ರಿ. ಇದೇ ಮಷೀನಲ್ಲಿ ಮುಂಚೆ ಹಳೇ ವರ್ಶನ್ ಇತ್ತಾ? ಪೋಸ್ಟ್‌ಗ್ರೆಸ್‌ಗೆ ಕಮಾಂಡ್ ಕೊಡೋ ಪಿಎಸ್‌ಕ್ಯೂಎಲ್ ಒಳಗೆ ಹೋಗಿ ಶೋ ಎಚ್‌ಬಿಎ_ಫೈಲ್ ಅಂತ ಕೊಡಿ, ಸರ್ವರ್ ನಿಜವಾಗ್ಲೂ ಯಾವ ಫೈಲ್ ಓದ್ತಿದೆ ಅಂತ ಅದೇ ಬಾಯ್ಬಿಡತ್ತೆ. ಉಬುಂಟು ಡೆಬಿಯನ್‌ನಲ್ಲಿ ಒಂದೊಂದು ವರ್ಶನ್‌ಗೂ ಬೇರೆ ಫೋಲ್ಡರ್, ಎರಡನೇದಕ್ಕೆ ಪೋರ್ಟೂ 5433 ಆಗಿಬಿಡತ್ತೆ, ನಾನೂ ಒಂದ್ ರಾತ್ರಿ ಪೂರ್ತಿ ತಪ್ಪು ಫೈಲ್ ತಿದ್ದಿ ತಿದ್ದಿ ಸುಸ್ತಾಗಿದ್ದೆ.

ಕರ್ಸರ್_ಕಳ್ಳ:
ಅಯ್ಯೋ ಹೌದು. 5432ರಲ್ಲಿ ಓಡ್ತಿರೋದು ವರ್ಶನ್ 14, ನಾನು ಟ್ಯಾಬ್ ಒತ್ಕೊಂಡು ಹೋಗಿ ತಿದ್ದಿದ್ದು 16ರ ಎಚ್‌ಬಿಎ. ಸರಿಯಾದ್ರಲ್ಲಿ ಬರೆದು ರೀಸ್ಟಾರ್ಟ್ ಮಾಡಿದ ತಕ್ಷಣ ಕನೆಕ್ಟ್ ಆಯ್ತು! ಇನ್ನು ಶೇರ್ಡ್ ಬಫರ್ಸ್ (ಡೇಟಾ ಇಟ್ಕೊಳ್ಳೋಕೆ ಪೋಸ್ಟ್‌ಗ್ರೆಸ್ ಬಳಸೋ ಮೆಮೊರಿ) 128 ಎಂಬಿ ಇದೆ, ಜಾಸ್ತಿ ಮಾಡ್ಲಾ?

ಹಳೇ_ಶೆಲ್:
ಡೇಟಾಬೇಸ್‌ಗೆ ಅಂತ್ಲೇ ಇಟ್ಟಿರೋ ಮಷೀನ್ ಆದ್ರೆ ರ‍್ಯಾಮಿನ ಕಾಲು ಭಾಗದಿಂದ ಶುರು ಮಾಡಿ, ಅದಕ್ಕೂ ರೀಸ್ಟಾರ್ಟ್ ಬೇಕು. ಎಚ್‌ಬಿಎ ತಿದ್ದಿದಾಗ ಮಾತ್ರ ರೀಲೋಡ್ ಸಾಕು. ಅದಿರ್ಲಿ, 16ರ ಫೈಲಲ್ಲಿ ಆ ಟ್ರಸ್ಟ್ ಸಾಲು ತೆಗೆದ್ರಾ ಇಲ್ವಾ?

ಕರ್ಸರ್_ಕಳ್ಳ:
ಈಗ ತೆಗೆದೆ 😅