ಅಣ್ಣನ ಇಪ್ಪತ್ತು ಕೋಳಿಗಳ ಬಗ್ಗೆ ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ಅಣ್ಣ: ಮೇಲೆ ಹಾಕಿರುವ ವಿಡಿಯೊವನ್ನು ಎಲ್ಲರೂ ನೋಡಿ. ಮೊಟ್ಟೆ ಕಡಿಮೆಯಾಯಿತೆಂದು ಫಾರಂನವರು ಮಾರಿಬಿಡುವ ಲೇಯರ್ ಕೋಳಿಗಳನ್ನು, ಅಂದರೆ ಮೊಟ್ಟೆಗಾಗಿಯೇ ಪಂಜರದಲ್ಲಿ ಸಾಕಿದವನ್ನು ತಂದು, ಬುಟ್ಟಿಯಿಂದ ನೇರವಾಗಿ ತೋಟಕ್ಕೆ ಬಿಟ್ಟಿದ್ದಾರೆ. ನಾನೂ ಮುಂದಿನ ವಾರ ದಾವಣಗೆರೆ ಕಡೆಯಿಂದ ಇಪ್ಪತ್ತು ಕೋಳಿ ತರಬೇಕೆಂದಿದ್ದೇನೆ. ಅವಕ್ಕೆ ಬಿಡುಗಡೆ ಸಿಗುತ್ತದೆ, ನಮಗೆ ಮೊಟ್ಟೆ ಸಿಗುತ್ತದೆ.

ನಾನು: ಅಣ್ಣ, ತರುವ ಯೋಚನೆ ಒಳ್ಳೆಯದು. ಆದರೆ ದಯವಿಟ್ಟು ಆ ವಿಡಿಯೊದಲ್ಲಿರುವಂತೆ ಬಿಡಬೇಡ. ಹೋದ ವರ್ಷ ನಾವು ಎಂಟು ಕೋಳಿ ತಂದಾಗ ಮೊದಲ ದಿನ ನಾನು ಕಂಡದ್ದನ್ನು ಹೇಳುತ್ತೇನೆ. ಬಾಣಲಿಯ ತುಂಬ ನೀರು ಕಾಲ ಬಳಿಯೇ ಇದ್ದರೂ, ಒಂದು ಕೋಳಿ ಕತ್ತೆತ್ತಿ ಜಾಲರಿಯ ಬೋಲ್ಟಿನ ತಲೆಯನ್ನು ಕುಕ್ಕುತ್ತಿತ್ತು. ಪಂಜರದಲ್ಲಿ ನೀರು ಬರುವುದು ತಲೆಯ ಮೇಲಿನ, ಕುಕ್ಕಿದರೆ ಹನಿ ಬೀಳುವ ನಿಪ್ಪಲ್‌ನಿಂದ. ನೆಲದ ಮೇಲೆ ನೀರಿರುತ್ತದೆ ಎಂಬುದೇ ಅದಕ್ಕೆ ತಿಳಿದಿರಲಿಲ್ಲ. ಒಂದೊಂದನ್ನೇ ಹಿಡಿದು ಕೊಕ್ಕಿನ ತುದಿಯನ್ನು ನೀರಿಗೆ ತಾಗಿಸಿದ ಮೇಲೆಯೇ ಅವು ಕುಡಿಯಲು ಕಲಿತವು.

ಅಣ್ಣ: ಅಜ್ಜಿ ಸಾಕಿದ ಕೋಳಿಗಳಿಗೆ ಯಾರು ಏನು ಕಲಿಸಿದ್ದರು? ಕೋಳಿಗೆ ಕೆದಕುವುದು ಹುಟ್ಟುಗುಣವಲ್ಲವೇ?

ನಾನು: ಕೆದಕುವುದು ಹುಟ್ಟುಗುಣವೇ, ನಮ್ಮವು ನಾಲ್ಕನೆಯ ದಿನವೇ ಬೂದಿ ಬೆರೆಸಿದ ಮಣ್ಣಿನಲ್ಲಿ ರೆಕ್ಕೆ ಹರಡಿ ಹೊರಳಾಡಿದವು, ಅದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು. ಆದರೆ ಅಜ್ಜಿಯ ಮರಿಗಳು ತಾಯಿಯ ಹಿಂದೆ ತಿರುಗಿ, ಹದ್ದಿನ ನೆರಳು ಕಂಡರೆ ಅಡಗುವುದನ್ನು ಕಲಿತಿದ್ದವು. ಒಂದೂವರೆ ವರ್ಷ ತಂತಿಯ ಮೇಲೆ ನಿಂತ ಕೋಳಿಗೆ ಆ ಅಭ್ಯಾಸವಿಲ್ಲ, ಓಡುವ ಬಲವೂ ಇಲ್ಲ. ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣದಂಶದಲ್ಲಿ ಒಂದು ಪಾಲು ಅದರ ಎಲುಬಿನಿಂದಲೇ ಹೋಗಿರುವುದರಿಂದ ಮೂಳೆ ಟೊಳ್ಳಾಗಿರುತ್ತದೆ. ಬುಟ್ಟಿಯಿಂದ ಸುರಿದರೆ ರೆಕ್ಕೆಯೋ ಕಾಲೋ ಮುರಿಯಬಹುದು. ಫಾರಂನಲ್ಲಿ ಕೊಕ್ಕಿನ ತುದಿಯನ್ನು ಕತ್ತರಿಸಿರುವುದರಿಂದ ನೆಲದ ಕಾಳನ್ನು ಹೆಕ್ಕಲು ಅದಕ್ಕೆ ಕಷ್ಟ, ಆಳವಾದ ತಟ್ಟೆಯಲ್ಲಿಯೇ ಮೇವು ಹಾಕಬೇಕು.

ಅಕ್ಕನ ಮಗ: 2023ರ ಕೇಂದ್ರದ ನಿಯಮದಂತೆ ಈಗ ಪಂಜರದಲ್ಲಿ ಪ್ರತಿ ಕೋಳಿಗೆ ಕನಿಷ್ಠ 550 ಚದರ ಸೆಂಟಿಮೀಟರ್ ಜಾಗ ಕೊಡಬೇಕಂತೆ.

ನಾನು: ಹೌದು ಮಗೂ, ಆದರೆ ಎ4 ಹಾಳೆಯೇ ಸುಮಾರು 620 ಚದರ ಸೆಂಟಿಮೀಟರ್ ಇದೆ. ಆ ಹಾಳೆಯಷ್ಟೂ ಇಲ್ಲದ ಜಾಗದಿಂದ ಎರಡು ಎಕರೆ ತೋಟಕ್ಕೆ ಒಮ್ಮೆಲೇ ತಂದು ನಿಲ್ಲಿಸಿದರೆ ಅದು ಬೆದರದೆ ಇನ್ನೇನು ಮಾಡೀತು? ಮೊದಲ ವಾರವೆಲ್ಲ ಕೊಟ್ಟಿಗೆಯ ಒಂದು ಮೂಲೆಯಲ್ಲಿ ಹೊಟ್ಟು ಹಾಸಿ ಇಡಬೇಕು, ಆಮೇಲೆ ಸಂಜೆ ಒಂದು ಗಂಟೆ ಮಾತ್ರ ಹೊರಗೆ ಬಿಡಬೇಕು. ಕತ್ತಲಾಗುತ್ತಿದ್ದಂತೆ ಅವು ತಾವಾಗಿಯೇ ಒಳಗೆ ಬರುವುದನ್ನು ಕಲಿಯುತ್ತವೆ.

ಭಾವ: ಇಷ್ಟೆಲ್ಲ ಆರೈಕೆ ಮಾಡಿ ಮೇವು ಹಾಕುವ ಬದಲು ಎರಡು ನಾಟಿ ಕೋಳಿ ಸಾಕಿದರೆ ಆಗದೇ? ಲೆಕ್ಕ ಸರಿ ಬರುವುದಿಲ್ಲ ಎಂದು ನನ್ನ ಅಭಿಪ್ರಾಯ.

ನಾನು: ಭಾವ, ನೀವು ಹೇಳುವುದು ಸರಿ, ಹಣದ ಲೆಕ್ಕ ಬರುವುದಿಲ್ಲ. ಅಣ್ಣನೂ ಅದನ್ನು ಮೊದಲೇ ತಿಳಿದಿರಬೇಕು. ಫಾರಂನಲ್ಲಿ ದೀಪ ಹಾಕಿ ದಿನಕ್ಕೆ 16 ಗಂಟೆ ಬೆಳಕು ಕೊಡುತ್ತಾರೆ. ನಮ್ಮಲ್ಲಿ ಹಗಲು 11ರಿಂದ 13 ಗಂಟೆ. ಬೆಳಕು ಇಳಿದರೆ ಮೊಟ್ಟೆ ನಿಲ್ಲುತ್ತದೆ, ಹಳೆಯ ಗರಿ ಉದುರುತ್ತದೆ, ಹೊಸ ಗರಿ ಬರಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಆ ದಿನಗಳಲ್ಲಿ ಕೋಳಿ ದಂಡವೆಂದು ಯಾರೂ ಹೇಳಬಾರದು. ಅದು ತನ್ನ ಮೈಯನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತಿರುತ್ತದೆ. ನಮ್ಮ ಎಂಟರಲ್ಲಿ ಎರಡು ಸತ್ತವು, ಒಂದನ್ನು ಮುಂಗುಸಿ ಹಿಡಿಯಿತು. ಉಳಿದ ಐದು ಈಗ ವಾರಕ್ಕೆ ಮೂರು ನಾಲ್ಕು ಮೊಟ್ಟೆ ಇಡುತ್ತಿವೆ.

ಚಿಕ್ಕಮ್ಮ: ಆ ಮೊಟ್ಟೆಯನ್ನು ನಾಟಿ ಮೊಟ್ಟೆಯೆಂದೇ ಮಾರಬಹುದಲ್ಲವೇ? ಹೇಗೂ ತೋಟದಲ್ಲಿ ತಿರುಗಿದ ಕೋಳಿ.

ನಾನು: ಬೇಡ ಚಿಕ್ಕಮ್ಮ. ಅದು ತೋಟದಲ್ಲಿ ಬಿಟ್ಟು ಸಾಕಿದ ಫಾರಂ ಕೋಳಿಯ ಮೊಟ್ಟೆ, ಹಾಗೆಂದೇ ಹೇಳಿ ಮಾರೋಣ. ಸೊಪ್ಪು, ಹುಳು ತಿಂದರೆ ಹಳದಿಯ ಬಣ್ಣ ಗಾಢವಾಗುತ್ತದೆ. ಬಣ್ಣ ನೋಡಿ ನಂಬಿ ಬಂದವರಿಗೆ ನಾವು ಸುಳ್ಳು ಹೇಳಬಾರದು.

ಅಣ್ಣ: ಹಾಗಾದರೆ ಮೇವು ಏನು ಹಾಕಲಿ? ರಾಗಿ, ಜೋಳ ಮನೆಯಲ್ಲೇ ಇದೆ.

ನಾನು: ಬರಿಯ ರಾಗಿ ಜೋಳಕ್ಕೆ ಇಳಿಸಿದರೆ ತೆಳು ಚಿಪ್ಪಿನ ಮೊಟ್ಟೆ ಬರುತ್ತದೆ, ಅದು ಒಡೆಯುತ್ತದೆ, ಒಡೆದದ್ದನ್ನು ತಿಂದು ಅವು ಅದೇ ಚಟಕ್ಕೆ ಬೀಳುತ್ತವೆ. ಲೇಯರ್ ಮೇವನ್ನು ಬಿಡಬೇಡ, ಕಾಳನ್ನು ಸಂಜೆ ಒಂದು ಹಿಡಿಯಷ್ಟು ಮಾತ್ರ ಕೊಡು, ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡು. ಪಂಜರದಲ್ಲಿದ್ದಾಗ ಹಿಕ್ಕೆ ಕೆಳಗೆ ಬೀಳುತ್ತಿತ್ತು, ಈಗ ಮಣ್ಣಿನ ಜಂತುಹುಳು ಮೊದಲ ಬಾರಿ ಹೊಟ್ಟೆಗೆ ಹೋಗುವುದರಿಂದ ಪಶುವೈದ್ಯರನ್ನು ಕೇಳಿ ಜಂತಿನ ಔಷಧಿ ಕೊಡಿಸು. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯ ಬಗ್ಗೆಯೂ ಆಗಲೇ ಕೇಳು. ನಿನ್ನ ನಾಟಿ ಹುಂಜವನ್ನು ಎರಡು ವಾರ ಜಾಲರಿಯ ಆಚೆಯೇ ಇಡು.

ಅಣ್ಣ: ಸರಿ, ಇಪ್ಪತ್ತು ಬೇಡ, ಆರೇ ತರುತ್ತೇನೆ. ಕೊಟ್ಟಿಗೆಯಲ್ಲಿ ಕೂರಲು ಅಡ್ಡಗೋಲನ್ನು ಎಷ್ಟು ಎತ್ತರಕ್ಕೆ ಕಟ್ಟಲಿ? ಹಳೆಯದು ಐದಡಿಗಿದೆ.

ನಾನು: ಒಂದಡಿ ಸಾಕು. ಮೇಲಿಂದ ಹಾರಿದರೆ ಎದೆಯ ಮೂಳೆ ಮುರಿಯಬಹುದು. ಮೊದಲ ಕೆಲವು ರಾತ್ರಿ ಅವು ಮೂಲೆಯಲ್ಲಿ ರಾಶಿ ಬಿದ್ದು ಮಲಗುತ್ತವೆ. ಟಾರ್ಚ್ ಹಾಕದೆ, ಒಂದೊಂದನ್ನೇ ಎರಡು ಕೈಯಲ್ಲಿ ಎತ್ತಿ ಕೋಲಿನ ಮೇಲೆ ಕೂರಿಸಿ, ಅದರ ಬೆರಳುಗಳು ಕೋಲನ್ನು ಹಿಡಿಯುವವರೆಗೂ ಕೈ ಬಿಡಬೇಡ.