ಕುಲುಮೆಗೆ ಗ್ಯಾಸ್ ಬರ್ನರ್: ಅಡುಗೆಮನೆಯ ರೆಗ್ಯುಲೇಟರ್ ಸಾಲುವುದೇ?

ಪ್ರಶ್ನೆ – ಸಾಗರದ ಕುಲುಮೆಗಾರ

ನಮಸ್ಕಾರ. ಅಡಿಕೆ ತೋಟಕ್ಕೆ ಬೇಕಾಗುವ ಕತ್ತಿ, ಕುಡುಗೋಲು, ಸಣ್ಣ ಉಳಿಗಳನ್ನು ಮಾಡುವ ನಮ್ಮ ಕುಲುಮೆಯಲ್ಲಿ ಇದುವರೆಗೆ ಇದ್ದಿಲನ್ನೇ ಉರಿಸುತ್ತಿದ್ದೇವೆ. ಒಳ್ಳೆಯ ಇದ್ದಿಲು ಸಿಗುವುದೇ ಕಷ್ಟವಾಗಿರುವುದರಿಂದ ಮುಕ್ಕಾಲು ಇಂಚಿನ ಪೈಪು, ಒಂದು ರೆಡ್ಯೂಸರ್ ಟೀ (ಅಳತೆ ಕಿರಿದಾಗಿಸುವ ಮೂರು ಬಾಯಿಯ ಜೋಡಣೆ) ಮತ್ತು ಹಿತ್ತಾಳೆಯ ಜೆಟ್ (ಅನಿಲ ಚಿಮ್ಮುವ ಸಣ್ಣ ರಂಧ್ರದ ತುದಿ) ಸೇರಿಸಿ ಗ್ಯಾಸ್ ಬರ್ನರೊಂದನ್ನು ಜೋಡಿಸಿದ್ದೇನೆ. ಅಡುಗೆ ಒಲೆಯ ರೆಗ್ಯುಲೇಟರಿಗೆ ಕೊಟ್ಟು ಹಚ್ಚಿದರೆ ಉದ್ದನೆಯ ಹಳದಿ ಉರಿ ಬರುತ್ತದೆ, ಕಬ್ಬಿಣಕ್ಕೆ ಮಸಿ ಹಿಡಿಯುತ್ತದೆ, ಮಂದ ಕೆಂಪನ್ನು ದಾಟಿ ಕಾಯುವುದೇ ಇಲ್ಲ. ಜೆಟ್ಟಿನ ರಂಧ್ರವನ್ನು ಹಿಗ್ಗಿಸಿದಷ್ಟೂ ಹಳದಿ ಹೆಚ್ಚುತ್ತಿದೆ. ನಾನು ಬದಲಿಸಬೇಕಾದುದು ರಂಧ್ರವನ್ನೋ, ಪೈಪಿನ ಉದ್ದವನ್ನೋ, ರೆಗ್ಯುಲೇಟರನ್ನೋ? ಇದೆಲ್ಲಕ್ಕಿಂತ ಬ್ಲೋವರ್ ಹಾಕುವುದೇ ಮೇಲೇ?

ಉತ್ತರ – ಫ್ಯಾಬ್ರಿಕೇಷನ್ ಶೆಡ್, ಬೆಂಗಳೂರು

ಬದಲಿಸಬೇಕಾದುದು ರೆಗ್ಯುಲೇಟರನ್ನು. ಅಡುಗೆಮನೆಯ ರೆಗ್ಯುಲೇಟರು ಹೊರಬಿಡುವ ಅನಿಲದ ಒತ್ತಡ ಸುಮಾರು 30 ಮಿಲಿಬಾರ್ ಮಾತ್ರ. ನಿಮ್ಮ ಬಗೆಯ ಬರ್ನರಿನಲ್ಲಿ ಗಾಳಿಯನ್ನು ಊದುವ ಸಾಧನ ಯಾವುದೂ ಇಲ್ಲದಿರುವುದರಿಂದ, ಜೆಟ್ಟಿನಿಂದ ರಭಸವಾಗಿ ಚಿಮ್ಮುವ ಅನಿಲವೇ ಸುತ್ತಲಿನ ಗಾಳಿಯನ್ನು ಪೈಪಿನೊಳಕ್ಕೆ ಎಳೆದುಕೊಳ್ಳಬೇಕು. ನಮ್ಮ ಎಲ್‌ಪಿಜಿಯಲ್ಲಿರುವುದು ಪ್ರೊಪೇನ್ ಮತ್ತು ಬ್ಯುಟೇನ್; ಅದರ ಒಂದು ಪಾಲು ಪೂರ್ತಿಯಾಗಿ ಉರಿಯಲು ಗಾತ್ರದಲ್ಲಿ ಇಪ್ಪತ್ತೈದರಿಂದ ಮೂವತ್ತು ಪಾಲು ಗಾಳಿ ಬೇಕಾಗುತ್ತದೆ. 30 ಮಿಲಿಬಾರಿನಲ್ಲಿ ಸಣ್ಣ ರಂಧ್ರವಿಟ್ಟರೆ ಕುಲುಮೆಗೆ ಸಾಲುವಷ್ಟು ಅನಿಲ ಬರುವುದಿಲ್ಲ. ದೊಡ್ಡದು ಮಾಡಿದರೆ ಅನಿಲ ಹೆಚ್ಚುತ್ತದೆಯೇ ಹೊರತು ಗಾಳಿ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ನೀವು ಕಂಡ ಹಳದಿ ಉರಿಗೆ ಕಾರಣ ಇದೇ.

ಅದೇ ಒತ್ತಡದಲ್ಲಿ ಅಡುಗೆ ಒಲೆ ನೀಲಿಯಾಗಿ ಉರಿಯುವುದು ಹೇಗೆಂದು ನೀವು ಕೇಳಬಹುದು. ಒಲೆಯ ಜ್ವಾಲೆ ಬಯಲಿನಲ್ಲಿ ಉರಿಯುವುದರಿಂದ, ಬರ್ನರಿನೊಳಗೆ ಬೆರೆತ ಗಾಳಿ ಕಡಿಮೆಯಾದರೂ ಉಳಿದದ್ದನ್ನು ಸುತ್ತಲಿನಿಂದ ಪಡೆಯುತ್ತದೆ. ಕುಲುಮೆಯ ಗೂಡಿನೊಳಗೆ ಆ ಅವಕಾಶವಿಲ್ಲ. ಬೇಕಾದ ಗಾಳಿಯೆಲ್ಲ ಪೈಪಿನಲ್ಲೇ ಬೆರೆತು ಬರಬೇಕು.

ಆದುದರಿಂದ ಒತ್ತಡ ತೋರಿಸುವ ಮೀಟರ್ ಇರುವ, ತಿರುಗಿಸಿ ಹೊಂದಿಸಬಹುದಾದ ಹೈ ಪ್ರೆಷರ್ ರೆಗ್ಯುಲೇಟರನ್ನು ಕೊಳ್ಳಿ. ಜೆಟ್ಟಿಗೆ ಮಿಗ್ ವೆಲ್ಡಿಂಗಿನ (ತಂತಿಯನ್ನು ಕರಗಿಸಿ ಬೆಸೆಯುವ ಯಂತ್ರದ) 0.8 ಮಿ.ಮೀ. ಟಿಪ್ ಉತ್ತಮ, ಒಳಗೆ ತಂತಿ ಜಾರಬೇಕಾದ್ದರಿಂದ ಅದರ ರಂಧ್ರ ಹೆಸರಿಗಿಂತ ತುಸು ದೊಡ್ಡದೇ ಇರುತ್ತದೆ, ಕೊರೆತವೂ ನೇರವಾಗಿರುತ್ತದೆ. ಟಿಪ್ ಪೈಪಿನ ನಟ್ಟನಡುವೆ ನೋಡುತ್ತಿರಬೇಕು. ಕೂದಲೆಳೆಯಷ್ಟು ಓರೆಯಾದರೂ ಉರಿ ಒಂದು ಬದಿಯ ಗೋಡೆಯನ್ನೇ ನೆಕ್ಕುತ್ತದೆ. ಅನಿಲ ಮತ್ತು ಗಾಳಿ ಬೆರೆಯುವ ಪೈಪು ತನ್ನ ಒಳವ್ಯಾಸದ ಎಂಟು ಒಂಬತ್ತು ಪಟ್ಟು, ಎಂದರೆ ನಿಮ್ಮ ಪೈಪಿಗೆ ಸುಮಾರು 180 ಮಿ.ಮೀ. ಉದ್ದವಿದ್ದರೆ ಸಾಕು. ಒತ್ತಡವನ್ನು 0.3ರಿಂದ 1 ಬಾರ್ ನಡುವೆ ಇರಿಸಿ, ಗಾಳಿಯ ಬಾಯಿಗೆ ಜಾರಿಸಬಹುದಾದ ಮುಚ್ಚಳವೊಂದನ್ನು ಹಾಕಿ ಹೊಂದಿಸಿಕೊಳ್ಳಿ. ಬಯಲಿನಲ್ಲಿ ಹಚ್ಚಿ ನೋಡಿ ಬರ್ನರಿನ ಗುಣವನ್ನು ತೀರ್ಮಾನಿಸಬೇಡಿ, ಏಕೆಂದರೆ ಅಲ್ಲಿ ನಳಿಗೆಯ ತುದಿಯಿಂದ ಹಾರಿ ಆರಿಹೋಗುವ ಜ್ವಾಲೆ ಕಾದ ಗೂಡಿನೊಳಗೆ ನೆಮ್ಮದಿಯಾಗಿ ನಿಲ್ಲುತ್ತದೆ. ಉರಿ ಗೂಡಿನಿಂದ ಬಹಳ ಹೊರಚಾಚಿದರೆ ಗಾಳಿ ಕಡಿಮೆಯೆಂದೂ, ಕಬ್ಬಿಣದ ಮೇಲೆ ಕಿಟ್ಟ (ಸುಟ್ಟ ಕಬ್ಬಿಣದ ಪದರ) ದಪ್ಪವಾಗಿ ಕಟ್ಟಿದರೆ ಗಾಳಿ ಹೆಚ್ಚೆಂದೂ ತಿಳಿಯಿರಿ.

ರಂಧ್ರ 0.9 ಮಿ.ಮೀ., ಒತ್ತಡ 0.7 ಬಾರ್ ಇದ್ದರೆ ಗಂಟೆಗೆ ಸುಮಾರು ಒಂದು ಕೆ.ಜಿ. ಅನಿಲ ಖರ್ಚಾಗುತ್ತದೆ. ಈ ಕೆಲಸಕ್ಕೆ ಮನೆಬಳಕೆಯ ಸಿಲಿಂಡರನ್ನು ಬಳಸುವುದು ಕಾನೂನುಬಾಹಿರ, 19 ಕೆ.ಜಿ.ಯ ವಾಣಿಜ್ಯ ಸಿಲಿಂಡರನ್ನೇ ತನ್ನಿ. ನಿಮ್ಮ ಪೈಪು ಜಿಐ (ಸತು ಲೇಪಿಸಿದ ಕಬ್ಬಿಣ) ಆಗಿದ್ದರೆ ಬಿಸಿಯಾಗುವ ತುದಿಗೆ ಅದು ಬೇಡ, ಸತುವಿನ ಹೊಗೆ ಕುಡಿದವರಿಗೆ ಚಳಿಜ್ವರ ಬರುತ್ತದೆ.

ಉತ್ತರ – ಕತ್ತಿ ಕೆಲಸದವನು, ಶಿರಸಿ

ಮೇಲಿನವರು ಬರ್ನರಿನ ಬಗ್ಗೆ ಹೇಳಿದ್ದೆಲ್ಲ ಸರಿ. ಆದರೆ ಅರ್ಧ ಕೆಲಸ ಗೂಡಿನದು. ಮುಕ್ಕಾಲು ಇಂಚಿನ ಒಂದು ಬರ್ನರು ಐದೂವರೆ ಲೀಟರಿನಷ್ಟು ಒಳಜಾಗವನ್ನು ಚೆನ್ನಾಗಿ ಕಾಯಿಸಬಲ್ಲದು. ಅದಕ್ಕಿಂತ ದೊಡ್ಡ ಗೂಡು ಕಟ್ಟಿ ಬರ್ನರನ್ನು ಬೈಯುವವರೇ ಹೆಚ್ಚು. 25 ಮಿ.ಮೀ. ದಪ್ಪದ ಸೆರಾಮಿಕ್ ಹಾಸನ್ನು (ಶಾಖ ತಡೆಯುವ ನಾರಿನ ಹೊದಿಕೆ) ಎರಡು ಸುತ್ತು ಹಾಕಿ, ಅದರ ಮೇಲೆ ಬೆಂಕಿ ತಡೆಯುವ ಗಾರೆಯನ್ನು ಬಳಿಯಲೇಬೇಕು, ಇಲ್ಲವಾದರೆ ಹಾಸಿನ ಎಳೆಗಳು ಗಾಳಿಯಲ್ಲಿ ಹಾರಿ ಶ್ವಾಸಕೋಶವನ್ನು ಸೇರುತ್ತವೆ. ನೀವು ಕತ್ತಿಯ ಬಾಯಿಗೆ ಉಕ್ಕು ಬೆಸೆಯುವವರಾದರೆ ಇನ್ನೊಂದು ಮಾತು. ಬೆಸೆಯುವಾಗ ಹಾಕುವ ಬಿಳಿಗಾರ (ಬೋರಾಕ್ಸ್) ಕರಗಿ ಈ ಹಾಸನ್ನು ತಿಂದುಹಾಕುತ್ತದೆ. ನೆಲಕ್ಕೆ ಹೆಚ್ಚು ಅಲ್ಯುಮಿನಾ ಇರುವ ಇಟ್ಟಿಗೆಯನ್ನು ಹಾಕಿ, ಅದು ಸವೆದಾಗ ಬದಲಿಸಿ. ನನ್ನ ಅಭಿಪ್ರಾಯದಲ್ಲಿ ಬೆಸುಗೆಯ ಕೆಲಸವಷ್ಟಕ್ಕೆ ಹಳೆಯ ಇದ್ದಿಲ ಕುಲುಮೆಯನ್ನು ಉಳಿಸಿಕೊಳ್ಳುವುದೇ ಲೇಸು.

ಬರ್ನರನ್ನು ನೆತ್ತಿಯ ಮೇಲಿಂದ ನೇರವಾಗಿ ಇಳಿಸುವುದಾದರೆ ಎಚ್ಚರವಿರಲಿ. ಉರಿ ಆರಿಸಿದ ಮೇಲೆ ಗೂಡಿನ ಬಿಸಿಗಾಳಿ ಆ ಪೈಪಿನ ಮೂಲಕವೇ ಮೇಲೇರಿ ಜೆಟ್ಟನ್ನೂ ಹೋಸನ್ನೂ ಸುಡುತ್ತದೆ. ಬದಿಯಿಂದ ಕೂರಿಸುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಬದಿಯಿಂದಲೇ ಕೂರಿಸುತ್ತೇನೆ. ಬ್ಲೋವರ್ ವಿಷಯವನ್ನು ಯಾರೂ ಹೇಳಲಿಲ್ಲ. ಹಳೆಯ ತಿದಿಯ ಜಾಗದಲ್ಲಿ ಈಗಾಗಲೇ ವಿದ್ಯುತ್ ಬ್ಲೋವರ್ ಇದೆ, ಅದನ್ನೇ ಬಳಸಬಹುದೇ? ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತದೆ.

ಉತ್ತರ – ಎಲೆಕ್ಟ್ರಿಕಲ್ ಕೆಲಸ, ಹುಬ್ಬಳ್ಳಿ

ಬಳಸಬಹುದು. ಊದುವ ಗಾಳಿ ಇರುವಾಗ ಅನಿಲವೇ ಗಾಳಿಯನ್ನು ಎಳೆಯಬೇಕಾಗಿಲ್ಲವಾದ್ದರಿಂದ ಸಣ್ಣ ರಂಧ್ರದ ಜೆಟ್ ಬೇಕಿಲ್ಲ, ಕಡಿಮೆ ಒತ್ತಡವೂ ನಡೆಯುತ್ತದೆ, ಗಾಳಿಯನ್ನೂ ಅನಿಲವನ್ನೂ ಬೇರೆ ಬೇರೆಯಾಗಿ ಹೊಂದಿಸಿಕೊಳ್ಳಬಹುದು. ಅಪಾಯವಿರುವುದು ನೀವೇ ಹೇಳಿದ ಕಡೆಯಲ್ಲಿ. ಕರೆಂಟು ಹೋದರೆ ಬ್ಲೋವರ್ ನಿಲ್ಲುತ್ತದೆ, ಅನಿಲ ಮಾತ್ರ ಬರುತ್ತಲೇ ಇದ್ದು ಬ್ಲೋವರಿನೊಳಕ್ಕೆ ಹಿಂದಿರುಗಿ ತುಂಬಿಕೊಳ್ಳುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ನೆಲದ ತಗ್ಗಿನಲ್ಲಿ, ಅದರಲ್ಲೂ ಕಮ್ಮಾರರು ನಿಂತು ಕೆಲಸ ಮಾಡುವ ಗುಂಡಿಯಿದ್ದರೆ ಅಲ್ಲಿ, ಕೆರೆಯಂತೆ ನಿಲ್ಲುತ್ತದೆ.

ಅನಿಲದ ದಾರಿಯಲ್ಲಿ, ವಿದ್ಯುತ್ ಇದ್ದಾಗ ಮಾತ್ರ ತೆರೆದಿರುವ, ಗ್ಯಾಸಿಗೆಂದೇ ತಯಾರಾದ ಸೊಲೆನಾಯ್ಡ್ ವಾಲ್ವನ್ನು ಹಾಕಿಸಿ. ಅಷ್ಟೇ ಸಾಲದು. ಕರೆಂಟು ಮರಳಿದಾಗ ವಾಲ್ವು ತಾನಾಗಿ ತೆರೆದುಕೊಂಡರೆ ಆರಿದ ಗೂಡಿನೊಳಕ್ಕೆ ಉರಿಯಿಲ್ಲದ ಅನಿಲ ನುಗ್ಗುತ್ತದೆ. ಬ್ಲೋವರನ್ನೂ ವಾಲ್ವನ್ನೂ ಒಂದೇ ಕಾಂಟ್ಯಾಕ್ಟರಿಗೆ (ವಿದ್ಯುತ್ತಿನಿಂದಲೇ ಹಿಡಿದು ಬಿಡುವ ಸ್ವಿಚ್ಚು) ಕೊಟ್ಟು, ಆಟೋ ಸ್ವಿಚ್ ಇಲ್ಲದ ಪಂಪ್‌ಸೆಟ್ಟಿನ ಸ್ಟಾರ್ಟರಿನಲ್ಲಿರುವ ಹಾಗೆ ಹಸಿರು ಗುಂಡಿಯನ್ನು ಮತ್ತೆ ಒತ್ತಿದ ಹೊರತು ಎರಡೂ ಚಾಲೂ ಆಗದಂತೆ ವೈರಿಂಗ್ ಮಾಡಿಸಿ. ಪ್ರತಿ ಜೋಡಣೆಗೂ ಸಾಬೂನು ನೀರು ಹಚ್ಚಿ ಗುಳ್ಳೆ ಬರುವುದಿಲ್ಲವೆಂದು ನೋಡಿಕೊಂಡ ಮೇಲೆಯೇ ಮೊದಲ ಕಡ್ಡಿ ಗೀರಿ.